ಅಕ್ಕನ ಇಪ್ಪತ್ತೆರಡರ ಮುಖ

ಪ್ಯೋ ಗ್ವಾಂಗ್‌ಸೊಪ್ ಒಬ್ಬ ಕೋಲೆಬಸವ. ಯಾರು ಏನು ಕೇಳಿದರೂ ತಲೆಯಾಡಿಸುವುದು ಅವನ ಗುಣ. ಮೋಕ್‌ಪೋ ಬಂದರಿನ ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಅವನನ್ನು ಊರವರು ಒಳ್ಳೆಯವನು ಎಂದು ಕರೆದರು. ನಾನು ಕರೆಯಲಿಲ್ಲ. ಎಲ್ಲರಿಗೂ ಹೂಂ ಅನ್ನುವವನಿಗೆ ಬೇಕಾಗಿರುವುದು ಹೊಗಳಿಕೆ ಮಾತ್ರ. ಅದಕ್ಕಾಗಿ ಅವನು ಸುಳ್ಳನ್ನೂ ಮಾಡಿಕೊಡುತ್ತಾನೆ. ಗ್ವಾಂಗ್‌ಸೊಪ್ ಮಾಡಿಕೊಟ್ಟ ಸುಳ್ಳುಗಳು ಈ ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಚೌಕಟ್ಟಿನೊಳಗೆ ಕೂತಿವೆ.

ಸ್ಟುಡಿಯೋ ಅವನ ಅಪ್ಪನದು. ಅಪ್ಪ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಸಮುದ್ರದ ತೇವಕ್ಕೆ ನೆಗೆಟಿವ್ ಬೂಸ್ಟು ಹಿಡಿಯುತ್ತದೆಂದು ಒಂದೊಂದನ್ನೂ ಕಾಗದದ ಲಕೋಟೆಗೆ ಹಾಕಿ, ಬಾಯಿಗೆ ಅನ್ನದ ಗಂಜಿ ಹಚ್ಚಿ ಅಂಟಿಸಿ, ತಗಡಿನ ಡಬ್ಬಿಯಲ್ಲಿಡುತ್ತಿದ್ದ. ಮತ್ತೆ ಬೇಕಾದಾಗ ಬಾಯಿ ಹರಿದು ತೆಗೆಯಬೇಕು. ತೆಗೆದ ದಿನವನ್ನು ಮೇಲೆ ಬರೆದು, ಹೊಸ ಕಾಗದ ಹಚ್ಚಿ ಮುಚ್ಚಬೇಕು. ಮಗನಿಗೂ ಇದನ್ನೇ ಕಲಿಸಿದ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಗೀಚಿ ಸುಕ್ಕು ಅಳಿಸುವುದನ್ನೂ ಕಲಿಸಿದ. ಆದರೆ ಅಪ್ಪ ಒಂದು ಸುಕ್ಕು ಅಳಿಸಿದರೆ ಮಗ ಐದು ಅಳಿಸುತ್ತಿದ್ದ. ಮುಖ ನೋಡಿಕೊಂಡವರು "ಅಯ್ಯೋ, ನಾನು ಇಷ್ಟು ಚೆನ್ನಾಗಿದ್ದೀನಾ!" ಎಂದಾಗ ಅವನ ಕಿವಿ ಕೆಂಪಾಗುತ್ತಿತ್ತು. ಅದೇ ಅವನ ಸಂಬಳ.

ಐವತ್ತು ದಾಟಿದ ಮೇಲೆ ಅವನು ಕಂಪ್ಯೂಟರ್ ಕಲಿತ. ಆಮೇಲೆ ಅವನಿಗೆ ಹಿಡಿತವೇ ತಪ್ಪಿತು. ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಯರು ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು.

"ಮಾಮ, ದವಡೆ ಇನ್ನೊಂಚೂರು ಕಮ್ಮಿ ಮಾಡಿ."

"ಆಗ್ಲಿ ಮಗಳೇ."

"ಮೂಗು?"

"ಅದೂ ಆಗ್ಲಿ."

"ಕಣ್ಣು ಒಂದೇ ಒಂದು ಚೂರು ದೊಡ್ಡದು?"

"ನಿಂದು ದೊಡ್ಡದೇ ಕಣಮ್ಮ, ನಿದ್ದೆಗಣ್ಣಲ್ಲಿ ಬಂದಿದ್ದೀಯ ಅಷ್ಟೆ. ತಗೋ, ಎಬ್ಬಿಸಿದೆ."

ಹೀಗೆ ಎಬ್ಬಿಸಿಕೊಂಡು ಹೋದ ಒಬ್ಬಳನ್ನು ಪರೀಕ್ಷೆಯ ಬಾಗಿಲಲ್ಲೇ ನಿಲ್ಲಿಸಿದರು. ಕಾವಲಿಗಿದ್ದವನು ಚೀಟಿಯನ್ನೊಮ್ಮೆ ಅವಳನ್ನೊಮ್ಮೆ ನೋಡಿ, "ಇದು ನಿಮ್ಮ ತಂಗಿ ಫೋಟೋ ಅಲ್ವೇನ್ರಿ?" ಎಂದನಂತೆ. ಅವಳ ತಾಯಿ ಬಂದು ಸ್ಟುಡಿಯೋ ಮುಂದೆ ಬೀದಿ ಕೇಳುವಂತೆ ಕೂಗಾಡಿದಳು. ಗ್ವಾಂಗ್‌ಸೊಪ್ ಸೊಂಟ ಬಗ್ಗಿಸಿ ಬಗ್ಗಿಸಿ ತಪ್ಪಾಯಿತು ಎಂದ, ಪುಕ್ಕಟೆಯಾಗಿ ಬೇರೆ ಫೋಟೋ ತೆಗೆದುಕೊಟ್ಟ. ಆ ಬೇರೆ ಫೋಟೋದಲ್ಲೂ ದವಡೆ ಒಂದಿಷ್ಟು ತಗ್ಗಿತ್ತು.

ಅವನಿಗೆ ಹೆಸರು ತಂದ ಕೆಲಸ ಇನ್ನೊಂದು. ಎರಡು ಮುಖ ಕೂಡಿಸಿ ಮೂರನೆಯದನ್ನು ಮಾಡುವುದು. ಅಪ್ಪನ ಮುಖವನ್ನೇ ನೋಡಿರದ, ಅಪ್ಪನ ಒಂದು ಫೋಟೋವೂ ಇಲ್ಲದ ಒಬ್ಬ ಹಡಗಿನ ಬಡಗಿ ಬಂದು, ಶ್ರಾದ್ಧದ ಮೇಜಿನ ಮೇಲೆ ಇಡಲು ಅಪ್ಪ ಬೇಕು ಎಂದ. ಗ್ವಾಂಗ್‌ಸೊಪ್ ಬಡಗಿಯದೊಂದು, ಅವನ ಚಿಕ್ಕಪ್ಪನದೊಂದು ಫೋಟೋ ತೆಗೆದ. ಒಂದು ಮುಖವನ್ನು ತೆಳ್ಳಗೆ ಮಾಡಿ ಇನ್ನೊಂದರ ಮೇಲೆ ಹಾಸಿದ, ಕಣ್ಣಿಗೆ ಕಣ್ಣು ಕೂಡಿಸಿದ, ಚಿಕ್ಕಪ್ಪನ ಹಣೆ ಉಳಿಸಿ ಮಗನ ಬಾಯಿ ಉಳಿಸಿ ನಡುವಿನದನ್ನು ತೀಡಿದ. ಚಿಕ್ಕಪ್ಪ ನೋಡಿ ಕುಸಿದು ಕೂತು, "ಅಣ್ಣ!" ಎಂದನಂತೆ. ಆರು ತಿಂಗಳು ಮಾರುಕಟ್ಟೆಯಲ್ಲಿ ಅದೇ ಮಾತು. ಗ್ವಾಂಗ್‌ಸೊಪ್ ನನಗೂ ತೋರಿಸಿದ.

"ಹೇಗಿದೆ ಪ್ರೊಫೆಸರ್ ಮೇಡಂ? ಈ ಕೈಗೆ ಸಿಯೋಲ್‌ನಿಂದ ಇಲ್ಲೀವರೆಗೂ ಸಾಟಿ ಇಲ್ಲ ಅಂತಾರೆ."

"ಇದು ಯಾರ ಮುಖಾನೂ ಅಲ್ಲ," ಎಂದೆ.

"ಅವರಿಗೆ ಅಪ್ಪನ ಮುಖ ಆಗಿದೆಯಲ್ಲ ಮೇಡಂ."

ನಾನು ಮೂವತ್ತೈದು ವರ್ಷ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದವಳು. ಬರೆದವನಿಗೆ ಯಾರನ್ನೋ ಮೆಚ್ಚಿಸುವ ಆಸೆ ಇದ್ದಲ್ಲಿ ಆ ಕಾಗದವನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದವಳು. ಅವನ ಬಗ್ಗೆ ನನ್ನ ತೀರ್ಪು ಅಂದೇ ಮುಗಿದಿತ್ತು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು.

ಮಾ ಓಕ್‌ದಾನ್ ನನಗಿಂತ ಐದು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೆ ಮದುವೆ. ಮೇಜಿನ ಮೇಲೆ ಒಂದು ಬಟ್ಟಲು ತಣ್ಣೀರು ಇಟ್ಟು ಇಬ್ಬರೂ ತಲೆಬಾಗಿದರು, ಅಷ್ಟೇ ಮದುವೆ. ಫೋಟೋ ತೆಗೆಸುವ ಮಾತೇ ಇರಲಿಲ್ಲ. ಮೂರು ವರ್ಷಕ್ಕೆ ಭಾವ ಹತ್ತಿದ ದೋಣಿ ಮರಳಿ ಬರಲಿಲ್ಲ. ಆಗ ಅವನಿಗೆ ಇಪ್ಪತ್ತನಾಲ್ಕು, ಅವಳಿಗೆ ಇಪ್ಪತ್ತೆರಡು, ಮಗ ಗಿತೇಗೆ ಒಂದು. ಅಕ್ಕ ಮಾರುಕಟ್ಟೆಯಲ್ಲಿ ಹುದುಗು ಹಾಕಿದ ತೊರಕೆ ಮೀನು ಮಾರಲು ಕೂತಳು. ಆ ಮೀನಿನ ವಾಸನೆ ಮೂಗಿಗಲ್ಲ, ಕಣ್ಣಿಗೆ ಹೊಡೆಯುತ್ತದೆ. ಅದರಿಂದಲೇ ಮಗನನ್ನು ಸಾಕಿದಳು, ನನ್ನನ್ನು ಓದಿಸಿದಳು.

ನನಗೆ ಹತ್ತೊಂಬತ್ತಾದಾಗ ವಿಶ್ವವಿದ್ಯಾಲಯದ ಅರ್ಜಿಗೆ ಫೋಟೋ ಬೇಕಾಯಿತು. ಅಕ್ಕ ನನ್ನ ಕೈಹಿಡಿದು ಗ್ವಾಂಗ್‌ಸೊಪ್‌ನ ಅಪ್ಪನ ಸ್ಟುಡಿಯೋಗೆ ಕರೆದುಕೊಂಡು ಹೋದಳು. ನನ್ನ ಫೋಟೋ ಮುಗಿದ ಮೇಲೆ ಆತ, "ನೀನೂ ಕೂತ್ಕೋಮ್ಮ. ಅಕ್ಕ ತಂಗಿ ಒಂದೇ ಅಚ್ಚಲ್ಲಿ ತೆಗೆದ ಹಾಗಿದ್ದೀರ, ಒಂದು ತೆಗೀತೀನಿ, ದುಡ್ಡು ಬೇಡ," ಎಂದ. ಅಕ್ಕ ಬಾಗಿಲಿಂದ ಒಳಗೆ ಬರಲಿಲ್ಲ.

"ಬೇಡಿ ಯಜಮಾನ್ರೇ. ನಾನು ಕೂತ್ರೆ ನಿಮ್ಮ ಕುರ್ಚಿಗೆ ತೊರಕೆ ವಾಸನೆ ಹತ್ತುತ್ತೆ. ನಾಳೆ ಮದುಮಗಳು ಕೂರೋ ಕುರ್ಚಿ ಅದು."

ನಾನೂ ಬಾ ಎನ್ನಲಿಲ್ಲ. ನನಗೆ ಆ ವಾಸನೆಯ ಬಗ್ಗೆ ನಾಚಿಕೆ ಇತ್ತು. ಹೀಗಾಗಿ ಯೌವನದ ಅಕ್ಕ ಎಲ್ಲೂ ಇಲ್ಲ. ಅವಳ ಮೊದಲ ಫೋಟೋ ಸರ್ಕಾರದ ಗುರುತಿನ ಚೀಟಿಯದು, ಮೂವತ್ತು ದಾಟಿದ ಮೇಲೆ ತೆಗೆದದ್ದು. ಅಷ್ಟರಲ್ಲಿ ಬಿಸಿಲು ಮತ್ತು ಉಪ್ಪು ಅವಳ ಮುಖವನ್ನು ತಿಂದಿದ್ದವು.

ಭಾವನ ಒಂದೇ ಒಂದು ಫೋಟೋ ಇತ್ತು, ದೋಣಿಯ ಕೆಲಸದ ಚೀಟಿಗೆ ಅಂಟಿಸಿದ್ದು, ಹೆಬ್ಬೆರಳಿನಷ್ಟು. ಅದನ್ನು ಗ್ವಾಂಗ್‌ಸೊಪ್ ದೊಡ್ಡದು ಮಾಡಿಕೊಟ್ಟಿದ್ದ. ಹಬ್ಬದ ಬೆಳಿಗ್ಗೆ ಹಿರಿಯರ ಮೇಜಿನ ಮೇಲೆ, ಹಣ್ಣು ಮೀನು ಅನ್ನದ ಹಿಂದೆ, ಆ ಹುಡುಗ ನಗದೆ ಕೂರುತ್ತಿದ್ದ. ಅಕ್ಕನಿಗೆ ಎಪ್ಪತ್ತೊಂಬತ್ತಾದ ವರ್ಷ ಚುಸೊಕ್ ಹಬ್ಬದ ದಿನ ಗಿತೇಯ ಪುಟ್ಟ ಮೊಮ್ಮಗ ಫೋಟೋ ತೋರಿಸಿ, "ಇದು ಮುತ್ತಜ್ಜಿ ಮಗಾನಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮರುದಿನ ಮಾರುಕಟ್ಟೆಯಲ್ಲಿ, ಪಕ್ಕದ ಅಂಗಡಿಯಲ್ಲಿ ಒಣಮೀನು ಮಾರುವ ಯೊನ್‌ಸಿಮ್‌ಗೆ ಇದನ್ನು ಹೇಳಿದಾಗ ನಾನೂ ಅಲ್ಲೇ ಇದ್ದೆ.

"ಮಗು ಸರಿಯಾಗೇ ಹೇಳಿದೆ," ಎಂದಳು ಯೊನ್‌ಸಿಮ್. "ನೀನು ಸತ್ತು ಅಲ್ಲಿಗೆ ಹೋದಾಗ ಆ ಹುಡುಗ ದಡಕ್ಕೆ ಬಂದು ನಿನ್ನ ನೋಡಿ, 'ಅಮ್ಮಾ, ನನ್ನ ಹೆಂಡ್ತೀನ ಎಲ್ಲಾದ್ರೂ ನೋಡಿದ್ರಾ?' ಅಂತ ಕೇಳ್ತಾನೆ ನೋಡು."

"ಹಾಳಾದೋಳೇ, ಬಾಯಿ ಮುಚ್ಚೆ!" ಎಂದು ಅಕ್ಕ ಮೀನಿನ ಬಾಲ ಎಸೆದಳು. ಆದರೆ ಆ ಮಾತು ಅವಳೊಳಗೆ ಇಳಿಯಿತು.

ನಮ್ಮ ಕಡೆ ಮುದುಕರು ಸಾವಿನ ಫೋಟೋವನ್ನು ಮೊದಲೇ ತೆಗೆಸಿಟ್ಟುಕೊಳ್ಳುತ್ತಾರೆ. ಮೊದಲೇ ತೆಗೆಸಿದರೆ ಆಯುಸ್ಸು ಹೆಚ್ಚುತ್ತದೆ ಎಂಬ ನಂಬಿಕೆ. ಸತ್ತ ಮೇಲೆ ಗಂಡ ಹೆಂಡಿರ ಫೋಟೋಗಳು ಮೇಜಿನ ಮೇಲೆ ಜೊತೆಯಾಗಿ ಕೂರುತ್ತವೆ. ಅಕ್ಕ ಗ್ವಾಂಗ್‌ಸೊಪ್‌ನ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತಳು.

"ಲೋ ಗ್ವಾಂಗ್‌ಸೊಪ್, ನನ್ನ ಇಪ್ಪತ್ತೆರಡರ ಮುಖ ಮಾಡಿಕೊಡು. ಅವರು ನೋಡಿದ್ದು ಅದನ್ನೇ. ಈ ಮುಖ ಇಟ್ರೆ ಅವರು ಗುರುತು ಸಿಗದೆ ವಾಪಸ್ ಹೋಗ್ತಾರೆ."

"ಆಗ್ಲಿ ಅಕ್ಕ," ಎಂದ ಕೋಲೆಬಸವ.

ಒಂದು ತಿಂಗಳಾದ ಮೇಲೆ ಅವನು ಪರ್ಸಿಮನ್ ಹಣ್ಣಿನ ಪೆಟ್ಟಿಗೆ ಹೊತ್ತು ನಮ್ಮ ಮನೆಗೆ ಬಂದ. ಬೂಟು ಬಿಚ್ಚಿ ಒಳಗೆ ಬಂದು ಮಂಡಿಯೂರಿ ಕೂತ.

"ಪ್ರೊಫೆಸರ್ ಮೇಡಂ, ನಿಮ್ಮ ಹತ್ತೊಂಬತ್ತರ ಮುಖ ಬೇಕಿತ್ತು."

"ಯಾತಕ್ಕೆ?"

"ಅಕ್ಕನ ಮುಖದಲ್ಲಿ ಎಲುಬು ಹಾಗೇ ಇದೆ. ಮೇಲಿನ ತುಂಬು ಇಲ್ಲ, ಅದನ್ನ ಬೇರೆ ಕಡೆಯಿಂದ ತರಬೇಕು. ಮೊಮ್ಮಗಳದ್ದು ಹಾಕಿ ನೋಡ್ದೆ. ಆ ಹುಡುಗಿ ಅಮ್ಮನ ಕಡೆ ಮೂಗು ಬಂತು. ಅಕ್ಕ ನೋಡಿ, 'ಥೂ, ಇವಳು ನಮ್ಮ ಬೀಗಿತಿ, ಇವಳನ್ನ ಅವರ ಪಕ್ಕ ಕೂರಿಸ್ತೀಯೇನೋ!' ಅಂತ ಬೈದ್ರು." ಅವನು ನಕ್ಕ. ನಾನು ನಗಲಿಲ್ಲ. "ನಿಮ್ಮದಾದ್ರೆ ಕೂಡುತ್ತೆ ಮೇಡಂ. ಕಣ್ಣಿಗೆ ಕಣ್ಣು, ಕೆನ್ನೆಗೆ ಕೆನ್ನೆ."

"ಅದು ನನ್ನ ಮುಖ. ಅದನ್ನ ಓಕ್‌ದಾನ್ ಅಂತ ಮೇಜಿನ ಮೇಲೆ ಇಟ್ರೆ ಸುಳ್ಳಾಗುತ್ತೆ."

"ಅರ್ಧ ಅವರದ್ದೇ ಇರುತ್ತಲ್ಲ."

"ಸಾವಿನ ಫೋಟೋ ಇಡೋದು ಬದುಕಿರೋರಿಗೆ ನೆನಪಿರಲಿ ಅಂತ. ಮಗ ಮೊಮ್ಮಕ್ಕಳು ಯಾರಿಗೂ ಆ ಮುಖ ಗೊತ್ತಿಲ್ಲ."

"ಭಾವನೋರು ನೋಡಿದ್ದಾರೆ ಮೇಡಂ."

"ಸತ್ತೋರು ನೋಡಲ್ಲ, ಗ್ವಾಂಗ್‌ಸೊಪ್."

"ಇರಬಹುದು," ಎಂದು ಅವನು ನೆಲ ನೋಡಿದ. "ಅಕ್ಕ ನೋಡ್ತಾರಲ್ಲ, ಸಾಯೋ ತನಕ."

ನಾನು ಇಲ್ಲವೆಂದೆ. ಅವಳಿಗೆ ಹೋಗಿ ಹೇಳು, ನಾನೇ ಇಲ್ಲ ಅಂದೆ ಎಂದು ಹೇಳು, ನನಗೇನೂ ಮುಚ್ಚುಮರೆ ಇಲ್ಲ ಎಂದೆ. "ಆಗ್ಲಿ ಮೇಡಂ," ಎಂದು ಎದ್ದುಹೋದ.

ಕೊಟ್ಟ ಕಾರಣ ಸುಳ್ಳಲ್ಲ. ಆದರೆ ಅದೊಂದೇ ಕಾರಣವಲ್ಲ ಎನ್ನುವುದನ್ನು ಈಗ ಬರೆಯಬೇಕು. ಆ ಫೋಟೋದ ಹುಡುಗಿ ತೊರಕೆ ಮೀನಿನ ಅಂಗಡಿಯಿಂದ ಹೊರಗೆ ಬಂದವಳು. ಅವಳನ್ನು ಮತ್ತೆ ಅಲ್ಲಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆ ಮುಖ ತೆಗೆಸಿದ ದುಡ್ಡು ಯಾರದು ಎಂದು ಆ ದಿನ ನಾನು ನೆನೆಯಲಿಲ್ಲ.

ಅಕ್ಕ ಆ ವಿಷಯ ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. ನೊಂದಿದ್ದಾಳೆ, ಆದರೆ ಒಪ್ಪಿಕೊಂಡಿದ್ದಾಳೆ ಎಂದುಕೊಂಡೆ. ನಾನಾಗಿ ಎತ್ತುವುದು ನನ್ನ ಸ್ವಭಾವವಲ್ಲ. ಎರಡು ವರ್ಷ ಹಬ್ಬಕ್ಕೆ ಜೊತೆಯಲ್ಲಿ ಕೂತು ಅಕ್ಕಿಕಡುಬು ಮಡಿಸಿದೆವು. ನಡುನಡುವೆ ಅವಳು, "ಆ ಗ್ವಾಂಗ್‌ಸೊಪ್ ಕೈ ಕೆಟ್ಟುಹೋಯ್ತು ಕಣೇ, ಹೀರಾನ್. ಕಂಪ್ಯೂಟರ್ ಬೇರೆ ಕೇಡು ಅವನಿಗೆ," ಎಂದು ಗೊಣಗುತ್ತಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದುಕೊಂಡು ನಾನು ಸುಮ್ಮನಿದ್ದೆ.

ಎಂಬತ್ತೊಂದನೆಯ ವರ್ಷದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಅಕ್ಕ ತೀರಿಕೊಂಡಳು.

ಆಸ್ಪತ್ರೆಯ ಕೆಳಮಹಡಿಯ ಶವಸಂಸ್ಕಾರದ ಕೋಣೆಯಲ್ಲಿ ಬಿಳಿ ಸೇವಂತಿಗೆಯ ನಡುವೆ ಅವಳ ಫೋಟೋ ಇಟ್ಟಿದ್ದರು. ಗ್ವಾಂಗ್‌ಸೊಪ್ ತೆಗೆದದ್ದೇ. ಆದರೆ ಅವನ ಕೈಯ ಗುರುತೇ ಅದರಲ್ಲಿರಲಿಲ್ಲ. ಒಂದು ಸುಕ್ಕು ಅಳಿಸಿರಲಿಲ್ಲ. ಕೆನ್ನೆಯ ಕಂದು ಕಲೆಗಳು ಇದ್ದಲ್ಲೇ ಇದ್ದವು. ನಾನು ಹೇಳಿದ್ದು ಕೊನೆಗೂ ಅವನ ತಲೆಗೆ ಹೋಗಿದೆ ಎಂದು ಒಂದು ಕ್ಷಣ ನನಗೆ ಸಮಾಧಾನವಾಯಿತು. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಅವನು ಬಂದು ಎರಡು ಸಲ ನೆಲಮುಟ್ಟಿ ನಮಸ್ಕರಿಸಿ, ಮೂಲೆಯಲ್ಲಿ ಕೂತು, ಬಂದವರಿಗೆ ಬಡಿಸುವ ಮಾಂಸದ ಕೆಂಪು ಸಾರಿನಲ್ಲಿ ಅನ್ನ ಕಲಸಿಕೊಂಡು ತಿಂದು ಹೋದ. ಅವನ ಬೆನ್ನು ನೋಡುತ್ತ ಯೊನ್‌ಸಿಮ್ ನನ್ನ ಪಕ್ಕಕ್ಕೆ ಸರಿದಳು.

"ಪಾಪದ ಪ್ರಾಣಿ. ಎರಡು ವರ್ಷ ಬೈಸಿಕೊಂಡ್ನಲ್ಲ ನಿಮ್ಮಕ್ಕನ ಹತ್ರ."

"ಯಾಕೆ?"

"ಆ ಫೋಟೋ ಮಾಡಕ್ಕಾಗಲ್ಲ ಅಂದನಲ್ಲ. 'ವಯಸ್ಸಾಯ್ತು ಅಕ್ಕ, ಕೈ ನಡುಗುತ್ತೆ, ನನ್ನ ಕೈಲಾಗಲ್ಲ' ಅಂತ. ಅವಳು ಬಿಡ್ತಾಳಾ? 'ನಿಮ್ಮಪ್ಪ ಕಣ್ಣು ಮುಚ್ಕೊಂಡು ತೆಗೀತಿದ್ದ, ನೀನು ಕಣ್ಣಿದ್ದ ಕುರುಡ' ಅಂತ ನಡುಮಾರ್ಕೆಟ್ಟಲ್ಲಿ ಬೈಯೋಳು. ಅವನು ಹಲ್ಲು ಕಿರೀತಾ ನಿಂತಿರ್ತಿದ್ದ. ಇನ್ನೊಂದಿಬ್ಬರು ಅವಳ ಮಾತು ಕೇಳಿ ಬೇರೆ ಸ್ಟುಡಿಯೋಗೆ ಹೋದ್ರು."

"ನಾನು ಫೋಟೋ ಕೊಡಲ್ಲ ಅಂದೆ ಅಂತ ಅವನು ಹೇಳ್ಲಿಲ್ವಾ?"

ಯೊನ್‌ಸಿಮ್ ಚಮಚ ಕೆಳಗಿಟ್ಟಳು. "ಕೊಡಲ್ಲ ಅಂದ್ರಾ? ಒಂದ್ಸಲ ಅವಳೇ ಕೇಳಿದ್ಲು, ನಮ್ಮ ಹೀರಾನ್ ಫೋಟೋ ಹಾಕಿದ್ರೆ ಆಗಲ್ವಾ ಅಂತ. ಅದಕ್ಕವನು, 'ಕೇಳಿದೆ ಅಕ್ಕ. ಪಾಪ, ಮೇಡಂ ಎರಡು ದಿನ ಮನೆಯೆಲ್ಲಾ ಹುಡುಕಿದ್ರು, ಮನೆ ಬದಲಾಯಿಸುವಾಗ ಎಲ್ಲೋ ಕಳೆದಿದೆಯಂತೆ' ಅಂದ. ನಿಮ್ಮಕ್ಕ ನಂಗೂ ಹೇಳಿದ್ಲು, ಫೋಟೋ ಮಾತು ಹೀರಾನ್ ಮುಂದೆ ಎತ್ತಬೇಡ, ಕಳೆದ್ಲು ಅಂತ ನೊಂದ್ಕೋತಾಳೆ ಅಂತ."

ನನ್ನ ಬಟ್ಟಲಿನ ಸಾರು ಆರಿ ಮೇಲೆ ಜಿಡ್ಡು ಕಟ್ಟಿತ್ತು. ಆ ಫೋಟೋ ನನ್ನ ಬರೆಯುವ ಮೇಜಿನ ಬಲಗಡೆಯ ಎರಡನೆಯ ಖಾನೆಯಲ್ಲಿತ್ತು. ಯಾವಾಗಲೂ ಅಲ್ಲೇ ಇತ್ತು.

"ಈ ಫೋಟೋ ತೆಗೆಸಿದ ದಿನ ನಾನೂ ಜೊತೆಗಿದ್ದೆ," ಎಂದಳು ಯೊನ್‌ಸಿಮ್, ಸೇವಂತಿಗೆಯ ಕಡೆ ನೋಡುತ್ತ. "ಅವನು ಸುಕ್ಕು ತೆಗೀಲಾ ಅಂದ. 'ಬೇಡ ಬಿಡೋ. ನಿನ್ನ ಕೈಲಾಗೋದು ಇಷ್ಟೇ ಅಂದ್ಮೇಲೆ ಇದ್ದ ಹಾಗೇ ಇರಲಿ. ಗುರುತು ಹಿಡಿಯೋದು ಇನ್ನು ಅವರ ಪಾಡು' ಅಂದ್ಲು. ಕೈಯಲ್ಲಿ ಹಿಡ್ಕೊಂಡು ತುಂಬಾ ಹೊತ್ತು ನೋಡಿದ್ಲು."

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಾನು ಖಾನೆಯಿಂದ ಫೋಟೋ ತೆಗೆದುಕೊಂಡು ಸ್ಟುಡಿಯೋಗೆ ನಡೆದೆ. ಗ್ವಾಂಗ್‌ಸೊಪ್ ಸೀಮೆಎಣ್ಣೆ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದ. ಕೈ ನಡುಗುತ್ತಿರಲಿಲ್ಲ. ನನ್ನನ್ನು ಕಂಡು ಎದ್ದ. ಫೋಟೋವನ್ನು ಅವನ ಮುಂದೆ ಇಟ್ಟೆ.

"ತಗೋ. ನಲವತ್ತೊಂಬತ್ತನೇ ದಿನದ ಪೂಜೆಗೆ ಬೇಕು. ಅವಳು ಕೇಳಿದ ಹಾಗೇ ಮಾಡು."

ಅವನು ಅದನ್ನು ಮುಟ್ಟಲಿಲ್ಲ.

"ಇಲ್ಲ ಮೇಡಂ. ಮಾಡಲ್ಲ."

ನಲವತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ದುಡ್ಡು ಎಷ್ಟಾದ್ರೂ ಸರಿ."

"ದುಡ್ಡಲ್ಲ ಮೇಡಂ. ಹೂವಿನ ನಡುವೆ ಇಟ್ಟಿದ್ರಲ್ಲ, ಅಕ್ಕ ಕೂತು ನೋಡಿ ಒಪ್ಪಿಕೊಂಡ ಮುಖ ಅದು, ಅದನ್ನೇ ತಗೊಂಡು ಹೋಗಿದ್ದಾರೆ. ಈಗ ಇನ್ನೊಂದು ಮಾಡಿದ್ರೆ ಯಾರಿಗೆ ತೋರಿಸಿ ಸರಿಯಾ ಅಂತ ಕೇಳ್ಲಿ? ಮುಖದೋರನ್ನ ಕೇಳ್ದೆ ನಾನು ಯಾವತ್ತೂ ಕೈ ಹಾಕಿಲ್ಲ."

"ನಾನು ಇಲ್ಲ ಅಂದೆ ಅಂತ ಅವಳಿಗೆ ಹೇಳು ಅಂದಿದ್ದೆ. ಆಗ್ಲಿ ಅಂದೆ ನೀನು."

"ಅಂದೆ," ಎಂದು ಕತ್ತು ಕೆರೆದುಕೊಂಡ. "ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ ಮೇಡಂ."

ಅವನು ಹಿಂದಿನ ಕೋಣೆಗೆ ಹೋಗಿ, ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಹುಡುಕದೆ ಕೈ ಹಾಕಿ ಒಂದು ಲಕೋಟೆ ತೆಗೆದ.

"ಈ ವಸಂತಕ್ಕೆ ಅಂಗಡಿ ಮುಚ್ತಾ ಇದ್ದೀನಿ. ಇದು ನಿಮ್ಮದು. ನಿಮ್ಮ ಹತ್ರಾನೇ ಇರಲಿ."

ಮೇಲೆ ಅವನ ಅಪ್ಪನ ಅಕ್ಷರದಲ್ಲಿ ನನ್ನ ಹೆಸರಿತ್ತು: ಮಾ ಹೀರಾನ್, ಅರ್ಜಿಯ ಫೋಟೋ. ಒಳಗೆ ನೆಗೆಟಿವ್, ಅದರಿಂದ ಆ ಫೋಟೋವನ್ನು ಎಷ್ಟು ಸಲ ಬೇಕಾದರೂ ಅಚ್ಚು ಹಾಕಬಹುದು. ಅಂದು ನಮ್ಮ ಮನೆಯಲ್ಲಿ ಮಂಡಿಯೂರಿ ಕೂತು ಅವನು ಫೋಟೋ ಕೊಡಿ ಎಂದು ಕೇಳಿರಲಿಲ್ಲ. ಮುಖ ಬೇಕಿತ್ತು ಎಂದಿದ್ದ.

ನಾನು ಲಕೋಟೆಯನ್ನು ಬೆಳಕಿಗೆ ಹಿಡಿದು, ಹಳೆಯ ಕಾಗದಗಳನ್ನು ನೋಡುವ ಅಭ್ಯಾಸದಂತೆ ಅಂಚುಗಳನ್ನು ನೋಡಿದೆ. ಮತ್ತೆ ತೆರೆದ ದಿನವೆಂದು ಮೇಲೆ ಏನೂ ಬರೆದಿರಲಿಲ್ಲ. ಬಾಯಿಗೆ ಹೊಸ ಕಾಗದ ಹಚ್ಚಿರಲಿಲ್ಲ. ಐವತ್ತೇಳು ವರ್ಷದ ಹಿಂದೆ ಅವನ ಅಪ್ಪ ಹಚ್ಚಿದ ಗಂಜಿಯ ಅಂಟು ಒಂದು ಮೂಲೆಯಲ್ಲೂ ಬಿಟ್ಟಿರಲಿಲ್ಲ.